ಹಳೆಯ ಎರಡು ಟಬ್ಬಿನ ವಾಷಿಂಗ್ ಮೆಷಿನ್: ಬಿಚ್ಚಿ, ಒಣಗಿಸಿ, ಮತ್ತೆ ಓಡಿಸುವುದು ಹೇಗೆ?

‘ವರ್ಷಗಟ್ಟಲೆ ಮೂಲೆಯಲ್ಲಿ ಕೂತ ಎರಡು ಟಬ್ಬಿನ ವಾಷಿಂಗ್ ಮೆಷಿನ್ ಇದೆ. ಪ್ಲಗ್ ಹಾಕಿದರೆ ಗುಂಯ್‌ಗುಡುತ್ತದೆ, ತಿರುಗುವುದಿಲ್ಲ. ಮೋಟಾರ್ ಹೋಗಿದೆಯೇ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: ತುಕ್ಕು ಹಿಡಿದ ಬಾಡಿಗೆ ಯಾವ ಬಣ್ಣ ಹೊಡೆಯಲಿ?

ಮೊದಲನೆಯದಕ್ಕೆ ಉತ್ತರ: ಬಹುತೇಕ ಮೋಟಾರ್ ಹೋಗಿರುವುದಿಲ್ಲ, ಆದರೆ ಹೀಗೇ ಪ್ಲಗ್ ಹಾಕಿ ನೋಡುತ್ತಿದ್ದರೆ ಹೋಗುತ್ತದೆ. ಎರಡನೆಯದಕ್ಕೆ: ಬಣ್ಣದ ಮಾತು ಕಡೆಗೆ.

ಹಳೆಯ ಮೆಷಿನ್‌ನಲ್ಲಿ ಕಾಣುವ ಕಾಯಿಲೆಗಳು ಹಲವು. ಸುಟ್ಟ ವೈಂಡಿಂಗ್ (ಮೋಟಾರಿನೊಳಗಿನ ತಾಮ್ರದ ತಂತಿಯ ಸುರುಳಿ), ಕಿರುಗುಡುವ ಬೇರಿಂಗ್, ತೂತಾದ ತಳ, ಮುಟ್ಟಿದರೆ ಜುಂ ಎನ್ನುವ ಬಾಡಿ. ಇವುಗಳಲ್ಲಿ ಹೆಚ್ಚಿನವಕ್ಕೆ ಬೇರು ಒಂದೇ. ಎಲ್ಲೋ ಒಂದು ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟು, ನೀರು ಇಳಿಯಬಾರದ ಕಡೆ ಇಳಿದಿರುತ್ತದೆ. ಸೀಲ್ ಹಾಗೇ ಬಿಟ್ಟು ಬೇರಿಂಗ್ ಮಾತ್ರ ಬದಲಿಸಿದರೆ ಕೆಲವೇ ತಿಂಗಳಲ್ಲಿ ಹೊಸ ಬೇರಿಂಗೂ ಹಳೆಯ ರಾಗ ತೆಗೆಯುತ್ತದೆ. ಆದ್ದರಿಂದ ಯಾವ ಭಾಗ ಕೈಗೆ ಬಂದರೂ ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟು: ನೀರು ಇಲ್ಲಿಗೆ ಬಂದದ್ದು ಹೇಗೆ?

ಒಳಗೆ ಏನೇನಿದೆ

ಎಡಕ್ಕೆ ಒಗೆಯುವ ಟಬ್, ಬಲಕ್ಕೆ ಹಿಂಡುವ ಸ್ಪಿನ್ ಟಬ್. ಎರಡಕ್ಕೂ ಬೇರೆ ಬೇರೆ ಮೋಟಾರ್. ಒಗೆಯುವ ಟಬ್ಬಿನ ತಳದಲ್ಲಿ ತಿರುಗುವ ರೆಕ್ಕೆಯ ತಟ್ಟೆಗೆ ಪಲ್ಸೇಟರ್ ಎನ್ನುತ್ತಾರೆ. ಮೋಟಾರಿನಿಂದ ಬೆಲ್ಟ್, ಬೆಲ್ಟಿನಿಂದ ಪುಲ್ಲಿ, ಪುಲ್ಲಿಯಿಂದ ಗೇರ್‌ಬಾಕ್ಸ್, ಅದರ ಶಾಫ್ಟ್ ಮೇಲೆ ಪಲ್ಸೇಟರ್. ಈ ಶಾಫ್ಟ್ ಟಬ್ಬಿನ ತಳವನ್ನು ದಾಟುವ ಜಾಗದಲ್ಲಿ ಆಯಿಲ್ ಸೀಲ್ ಇರುತ್ತದೆ. ಇದು ಉಕ್ಕಿನ ಬಳೆಗೆ ಅಂಟಿದ ರಬ್ಬರ್ ತುಟಿ. ಶಾಫ್ಟನ್ನು ಅಪ್ಪಿಕೊಂಡು ನೀರನ್ನು ತಡೆಯುತ್ತದೆ.

ಸ್ಪಿನ್ ಕಡೆ ಬೆಲ್ಟ್ ಇಲ್ಲ. ಮೋಟಾರ್ ಮೂರು ಸ್ಪ್ರಿಂಗ್‌ಗಳ ಮೇಲೆ ಕೂತು, ಕಪ್ಲಿಂಗ್ ಮೂಲಕ ನೇರವಾಗಿ ಟಬ್ಬಿನ ಶಾಫ್ಟಿಗೆ ಸೇರುತ್ತದೆ. ಈ ಕಪ್ಲಿಂಗಿನ ಹೊರಮೈಯೇ ಬ್ರೇಕ್ ಡ್ರಮ್. ಶಾಫ್ಟ್ ತಳ ದಾಟುವಲ್ಲಿ ಮಡಿಕೆ ಮಡಿಕೆಯಾದ ರಬ್ಬರ್ ಕವಚ, ಅಂದರೆ ಬೆಲ್ಲೋ ಇರುತ್ತದೆ. ಸ್ಪಿನ್ ಟಬ್ ಓಲಾಡುವುದರಿಂದ ಅಲ್ಲಿ ಗಟ್ಟಿ ಸೀಲ್ ನಿಲ್ಲುವುದಿಲ್ಲ, ಬಾಗುವ ಬೆಲ್ಲೋ ಬೇಕು. ಗಮನಿಸಿ: ಬೆಲ್ಲೋದ ನೇರ ಕೆಳಗೆ ಸ್ಪಿನ್ ಮೋಟಾರ್. ಬೆಲ್ಲೋ ಸೋರಿದರೆ ಹನಿ ಬೀಳುವುದು ಬೇರೆಲ್ಲೂ ಅಲ್ಲ, ಮೋಟಾರಿನ ನೆತ್ತಿಯ ಮೇಲೆ.

ಬೇಕಾಗುವ ಸಾಮಾನು

ಸ್ಕ್ರೂಡ್ರೈವರ್ ಎರಡು ಬಗೆಯವು, 8ರಿಂದ 19 ಮಿ.ಮೀ. ವರೆಗಿನ ಸ್ಪ್ಯಾನರ್ ಮತ್ತು ಬಾಕ್ಸ್ ಸ್ಪ್ಯಾನರ್, ಮೂರು ಕಾಲಿನ ಬೇರಿಂಗ್ ಪುಲ್ಲರ್, ರಬ್ಬರ್ ಸುತ್ತಿಗೆ, ಸರ್‌ಕ್ಲಿಪ್ ಇಕ್ಕುಳ. ಕೆಪ್ಯಾಸಿಟರ್ ಅಳೆಯುವ ಸೌಲಭ್ಯವಿರುವ ಮಲ್ಟಿಮೀಟರ್. ಕೆಪ್ಯಾಸಿಟರಿನ ಚಾರ್ಜ್ ಇಳಿಸಲು 10 ಕಿಲೋಓಮ್, 5 ವ್ಯಾಟಿನ ಒಂದು ರೆಸಿಸ್ಟರ್. ನೀರಿಗೆ ಕರಗದ ಸಿಲಿಕೋನ್ ಗ್ರೀಸ್, ಸಾಮಾನ್ಯ ಲಿಥಿಯಂ ಗ್ರೀಸ್, ತುಕ್ಕು ಬಿಡಿಸುವ ಎಣ್ಣೆ.

ಎರಡು ವಸ್ತುಗಳನ್ನು ಎರವಲಾದರೂ ತನ್ನಿ. ಒಂದು 500 ವೋಲ್ಟಿನ ಮೆಗ್ಗರ್, ಇದು ತಾಮ್ರಕ್ಕೂ ಬಾಡಿಗೂ ನಡುವಿನ ನಿರೋಧನ, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್. ಮಲ್ಟಿಮೀಟರ್ ಒಳಗಿನ ಬ್ಯಾಟರಿ ಕೆಲವೇ ವೋಲ್ಟ್ ಕೊಡುವುದರಿಂದ ತೇವ ಹಿಡಿದ ವೈಂಡಿಂಗಿನ ದೋಷ ಅದಕ್ಕೆ ಕಾಣುವುದೇ ಇಲ್ಲ. ಇನ್ನೊಂದು ಸೀರೀಸ್ ಬೋರ್ಡ್: ಮೆಷಿನ್‌ಗೆ ಹೋಗುವ ಫೇಸ್ ವೈರಿನ ನಡುವೆ 100 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಸೇರಿಸಿದ ಬೋರ್ಡ್. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಅಷ್ಟೇ. ಫ್ಯೂಸ್ ಹಾರುವುದಿಲ್ಲ, ವೈಂಡಿಂಗ್ ಸುಡುವುದಿಲ್ಲ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

ಹಂತ 1: ರಿಪೇರಿಗೆ ಯೋಗ್ಯವೇ ಎಂದು ನೋಡಿ

ಪ್ಲಗ್ ಕಿತ್ತೇ ಇರಲಿ. ಮೆಷಿನ್ ಮಗ್ಗುಲಿಗೆ ಮಲಗಿಸಿ ತಳ ನೋಡಿ. ಮೋಟಾರ್ ಕೂರುವ ತಳದ ತಗಡು ಸ್ಕ್ರೂಡ್ರೈವರಿನಿಂದ ಒತ್ತಿದರೆ ತೂತಾಗುವಷ್ಟು ತಿಂದುಹೋಗಿದ್ದರೆ ಅದು ವೆಲ್ಡಿಂಗ್ ಕೆಲಸ, ಮನೆಯ ಕೆಲಸವಲ್ಲ. ಅಂಚಿನಲ್ಲಷ್ಟೇ ತುಕ್ಕಿದ್ದರೆ ಚಿಂತೆಯಿಲ್ಲ.

ಪಲ್ಸೇಟರನ್ನು ಕೈಯಿಂದ ಎರಡೂ ದಿಕ್ಕಿಗೆ ತಿರುಗಿಸಿ. ತುಸು ಬಿಗಿ, ಒಂದೇ ಸಮನಾದ ತಡೆ ಇದ್ದರೆ ಸರಿ. ಟಕ್ ಟಕ್ ಎಂದು ಹಾರಿದರೆ ಗೇರ್ ಹಲ್ಲು ಹೋಗಿದೆ. ಸ್ಪಿನ್ ಟಬ್ಬನ್ನು ಬಾಯಿಯ ಬಳಿ ಹಿಡಿದು ಅಲುಗಿಸಿ. ಸ್ಪ್ರಿಂಗ್ ಮೇಲೆ ಓಲಾಡಬೇಕು, ಲೊಡಕ್ ಎನ್ನಬಾರದು.

ಕೊನೆಗೆ ಟಬ್ಬಿನ ಬಿರುಕು. ಇಂಥ ಟಬ್‌ಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್. ಈ ಪ್ಲಾಸ್ಟಿಕ್‌ಗೆ ಮಾಮೂಲಿ ಎಪಾಕ್ಸಿ ಅಂಟುವುದಿಲ್ಲ. ಅಂಟಿದಂತೆ ಕಂಡು ಮೊದಲ ಬಿಸಿನೀರಿಗೇ ಸಿಪ್ಪೆಯಂತೆ ಏಳುತ್ತದೆ. ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಕರಗಿಸಿ ಬಿಸಿ ವೆಲ್ಡಿಂಗ್ ಮಾಡಬೇಕು. ಯಾವ ಪ್ಲಾಸ್ಟಿಕ್ ಎಂದು ತಿಳಿಯಲು ಒಂದು ಚೂರು ಕೆರೆದು ನೀರಿಗೆ ಹಾಕಿ ಅದುಮಿ ಬಿಡಿ: ತೇಲಿದರೆ ಪಾಲಿಪ್ರೊಪಿಲೀನ್ ಜಾತಿ, ಮುಳುಗಿದರೆ ಎಬಿಎಸ್ ಇದ್ದೀತು. ಎಬಿಎಸ್‌ಗೆ ಅದೇ ಪ್ಲಾಸ್ಟಿಕ್ಕಿನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿದ ಗೋಂದು ಚೆನ್ನಾಗಿ ಹಿಡಿಯುತ್ತದೆ.

ಹಂತ 2: ಫೋಟೋ ತೆಗೆಯಿರಿ, ಚಾರ್ಜ್ ಇಳಿಸಿ, ಬಿಚ್ಚಿ

ಹಿಂಬದಿಯ ಮುಚ್ಚಳ ತೆಗೆದ ಕೂಡಲೇ ವೈರಿಂಗಿನ ಫೋಟೋ ತೆಗೆಯಿರಿ. ನಾಲ್ಕು ಕೋನದಿಂದ, ಒಳ್ಳೆಯ ಬೆಳಕಿನಲ್ಲಿ. ಬಣ್ಣದ ಮೇಲೆ ಭರವಸೆ ಬೇಡ. ಹಳೆಯ ಮೆಷಿನ್‌ಗಳಲ್ಲಿ ಹಿಂದೆ ಯಾರೋ ಸಿಕ್ಕ ಬಣ್ಣದ ವೈರ್ ಸೇರಿಸಿರುವುದು ಮಾಮೂಲು. ಪ್ರತಿ ವೈರಿಗೂ ಕಾಗದದ ಟೇಪ್ ಸುತ್ತಿ ನಂಬರ್ ಬರೆಯಿರಿ.

ಕೆಪ್ಯಾಸಿಟರನ್ನು ಕೆಲವರು ಕಂಡೆನ್ಸರ್ ಎನ್ನುತ್ತಾರೆ. ಮೋಟಾರಿಗೆ ಹೊರಡುವ ತಳ್ಳು ಕೊಡುವ, ಓಡುವಾಗಲೂ ಜೊತೆಗಿರುವ ಡಬ್ಬಿ ಇದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಎರಡು ತುದಿ ತಾಗಿಸಿ ಕಿಡಿ ಹಾರಿಸುವ ಪದ್ಧತಿ ಬೇಡ, ಕೆಪ್ಯಾಸಿಟರೂ ಹಾಳು, ಕಣ್ಣಿಗೂ ಅಪಾಯ. ರೆಸಿಸ್ಟರಿನ ಎರಡು ತುದಿಗಳನ್ನು ಇನ್ಸುಲೇಷನ್ ಇರುವ ಕ್ಲಿಪ್‌ಗಳಿಂದ ಐದು ಸೆಕೆಂಡ್ ತಾಗಿಸಿ, ಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಮುಟ್ಟಿ.

1980ಕ್ಕಿಂತ ಹಿಂದಿನ ಎಣ್ಣೆ ತುಂಬಿದ ಲೋಹದ ಡಬ್ಬಿಯ ಕೆಪ್ಯಾಸಿಟರ್ ಇದ್ದರೆ ಅದನ್ನು ಬಿಚ್ಚಬೇಡಿ, ಚುಚ್ಚಬೇಡಿ. ಅಂದಿನ ಹಲವು ಕೆಪ್ಯಾಸಿಟರ್‌ಗಳಲ್ಲಿ ಪಿಸಿಬಿ ಎಂಬ ವಿಷಕಾರಿ ಎಣ್ಣೆ ಬಳಸುತ್ತಿದ್ದರು. ಕೈಗವಸು ಹಾಕಿ ತೆಗೆದು, ಚೀಲದಲ್ಲಿ ಕಟ್ಟಿ, ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಕೊಡಿ.

ಸಿಕ್ಕಿಬಿದ್ದ ಪಲ್ಸೇಟರ್ ಈ ಹಂತದ ದೊಡ್ಡ ತಲೆನೋವು. ನಡುವಿನ ಸ್ಕ್ರೂ ಬಿಚ್ಚಿದರೂ ಪಲ್ಸೇಟರ್ ಏಳದಿದ್ದರೆ ಶಾಫ್ಟಿನ ಮೇಲೆ ತುಕ್ಕೋ ಸೋಪಿನ ಗಾರೆಯೋ ಹಿಡಿದಿದೆ. ಅಂಚಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ. ಪಲ್ಸೇಟರಿನ ಜೊತೆಗೆ ಟಬ್ಬಿನ ತಳವೂ ಸೀಳುತ್ತದೆ. ಸುಮಾರು 60 ಡಿಗ್ರಿಯ ಬಿಸಿನೀರನ್ನು ಪಲ್ಸೇಟರ್ ಮುಳುಗುವಷ್ಟು ಹಾಕಿ ಕಾಲು ಗಂಟೆ ಬಿಡಿ. ಪ್ಲಾಸ್ಟಿಕ್ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ನೀರು ತೆಗೆದು, ಎರಡು ನೈಲಾನ್ ಪಟ್ಟಿಗಳನ್ನು ಎದುರುಬದುರಾಗಿ ಅಂಚಿನ ಕೆಳಗೆ ತೂರಿಸಿ, ಎರಡನ್ನೂ ಸಮನಾಗಿ ಮೇಲಕ್ಕೆ ಎಳೆಯಿರಿ. ಬರದಿದ್ದರೆ ಸ್ಕ್ರೂ ತೂತಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು ಮತ್ತೆ ಬಿಸಿನೀರಿನಿಂದ ಶುರು ಮಾಡಿ.

ಸ್ಪಿನ್ ಟಬ್ ತೆಗೆಯಲು ಕೆಳಗಿನ ಕಪ್ಲಿಂಗಿನ ಬೋಲ್ಟ್‌ಗಳನ್ನು ಸಡಿಲಿಸಬೇಕು. ಅವಕ್ಕೆ ಲಾಕ್ ನಟ್ ಇರುತ್ತದೆ, ಮೊದಲು ಅದು, ಆಮೇಲೆ ಬೋಲ್ಟ್. ನಂತರ ಟಬ್ಬನ್ನು ನೇರ ಮೇಲಕ್ಕೆ ಎತ್ತಿ. ಶಾಫ್ಟಿನ ತುದಿಯಲ್ಲಿ ಬೋಲ್ಟಿನ ಮೂತಿ ಕೂರುವ ಚಪ್ಪಟೆ ಮುಖ ಎಲ್ಲಿದೆ ಎಂದು ಈಗಲೇ ಗುರುತು ಮಾಡಿಕೊಳ್ಳಿ. ವಾಪಸ್ ಜೋಡಿಸುವಾಗ ಬೋಲ್ಟ್ ಆ ಚಪ್ಪಟೆ ಮುಖದ ಮೇಲೆ ಕೂರದಿದ್ದರೆ, ಮೊದಲ ಸಲ ಹಿಂಡುವಾಗಲೇ ಜಾರಿ ಶಾಫ್ಟಿಗೆ ಗೀರು ಬೀಳುತ್ತದೆ.

ಹಂತ 3: ನೀರಿನ ಜಾಡು ಓದಿ

ಎಲ್ಲವನ್ನೂ ತೊಳೆಯುವ ಮೊದಲು ಹೀಗೊಮ್ಮೆ ನೋಡಿ. ಬಿಳಿ ಗಾರೆಯ ಗೆರೆ ಸೋಪುನೀರು ಹರಿದ ದಾರಿ. ಕಂದು ಗೆರೆ ತುಕ್ಕಿನ ನೀರು. ಕಪ್ಪು ಜಿಡ್ಡು ಗೇರ್‌ಬಾಕ್ಸಿನ ಎಣ್ಣೆ ಅಥವಾ ಬೆಲ್ಟಿನ ಪುಡಿ. ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿ, ಅದು ಎಲ್ಲಿ ಶುರುವಾಗುತ್ತದೋ ಅಲ್ಲಿ ಸೋರಿಕೆ. ಸ್ಪಿನ್ ಮೋಟಾರಿನ ನೆತ್ತಿಯಲ್ಲಿ ವೃತ್ತಾಕಾರದ ತುಕ್ಕು ಇದ್ದರೆ ಬೆಲ್ಲೋ ಎಂದು ಕಣ್ಣು ಮುಚ್ಚಿ ಹೇಳಬಹುದು. ತೊಳೆದುಬಿಟ್ಟರೆ ಈ ಸಾಕ್ಷ್ಯ ಹೋಯಿತು. ಹೆಚ್ಚಿನವರು ಮಾಡುವ ಮೊದಲ ತಪ್ಪು ಇದೇ.

ಆಮೇಲೆ ತೊಳೆಯಿರಿ. ಟಬ್ಬಿನ ಬಿಳಿ ಗಾರೆಗೆ ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಮ್ಲ, ಅಂದರೆ ನಿಂಬೆ ಉಪ್ಪು ಕರಗಿಸಿ ಅರ್ಧ ಗಂಟೆ ನೆನೆಸಿ ಬ್ರಷ್‌ನಿಂದ ಉಜ್ಜಿದರೆ ಸಾಕು. ಇದರ ಜೊತೆಗೆ ಅಥವಾ ಇದಾದ ಕೂಡಲೇ ಬ್ಲೀಚ್ ಹಾಕಬೇಡಿ. ಆಮ್ಲ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು.

ಹಂತ 4: ಸೀಲ್ ಮತ್ತು ಬೆಲ್ಲೋ

ಈ ಹಂತಕ್ಕೆ ಅವಸರ ಬೇಡ. ಗೇರ್‌ಬಾಕ್ಸ್ ಟಬ್ಬಿನ ತಳಕ್ಕೆ ಕೆಲವು ಮೆಷಿನ್‌ಗಳಲ್ಲಿ ನಾಲ್ಕು ಬೋಲ್ಟ್‌ಗಳಿಂದ, ಕೆಲವದರಲ್ಲಿ ಒಂದೇ ದೊಡ್ಡ ನಟ್‌ನಿಂದ ಕೂತಿರುತ್ತದೆ. ಬಿಚ್ಚಿದ ಮೇಲೆ ಶಾಫ್ಟಿನ ಸುತ್ತ ಆಯಿಲ್ ಸೀಲ್ ಕಾಣುತ್ತದೆ. ಅದರ ಮೈಮೇಲೆ ಮೂರು ಅಂಕಿ ಇರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲ ಮಿ.ಮೀ.ಗಳಲ್ಲಿ. ಹೊಸದನ್ನು ತರಲು ಮೆಷಿನ್ನಿನ ಹೆಸರಿಗಿಂತ ಈ ಮೂರು ಅಂಕಿಯೇ ಮುಖ್ಯ. ಅಳಿಸಿಹೋಗಿದ್ದರೆ ವರ್ನಿಯರ್‌ನಿಂದ ಸೀಲಿನ ಒಳವ್ಯಾಸವನ್ನಲ್ಲ, ಶಾಫ್ಟನ್ನೇ ಅಳೆಯಿರಿ. ಸವೆದ ರಬ್ಬರ್ ಸುಳ್ಳು ಹೇಳುತ್ತದೆ.

ಶಾಫ್ಟಿನ ಮೇಲೆ ಹಳೆಯ ಸೀಲ್ ತುಟಿ ಉಜ್ಜಿದ ಜಾಗದಲ್ಲಿ ಉಗುರು ಆಡಿಸಿ. ಉಗುರು ಸಿಕ್ಕುವಷ್ಟು ತೋಡು ಬಿದ್ದಿದ್ದರೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಸೋರುತ್ತದೆ. ಆಗ ಹೊಸ ಸೀಲನ್ನು ಒಂದೆರಡು ಮಿ.ಮೀ. ಮೇಲೆ ಅಥವಾ ಕೆಳಗೆ ಕೂರಿಸಲು ಜಾಗವಿದೆಯೇ ನೋಡಿ, ತುಟಿ ನುಣುಪು ಜಾಗಕ್ಕೆ ತಾಗಲಿ. ಸಣ್ಣ ಗೀರಾದರೆ 600, ಆಮೇಲೆ 1000 ನಂಬರಿನ ನೀರು ಉಜ್ಜುಕಾಗದವನ್ನು ಶಾಫ್ಟಿನ ಸುತ್ತ ತಿರುಗಿಸುತ್ತ ಉಜ್ಜಿ. ಉದ್ದಕ್ಕೆ ಉಜ್ಜಿದರೆ ನೀರಿಗೆ ಕಾಲುವೆ ತೋಡಿಕೊಟ್ಟಂತೆ.

ಕೂರಿಸುವಾಗ ಸೀಲಿನ ಸಣ್ಣ ಸುತ್ತು ಸ್ಪ್ರಿಂಗ್ ಕಾಣುವ ಮುಖ ತಡೆಯಬೇಕಾದ ದ್ರವದ ಕಡೆಗಿರಬೇಕು. ನೀರು ತಡೆಯುವ ಮೇಲಿನ ಸೀಲಿಗೆ ಆ ಮುಖ ಮೇಲಕ್ಕೆ. ಎಣ್ಣೆ ತಡೆಯಲು ಕೆಳಗೆ ಇನ್ನೊಂದು ಸೀಲ್ ಇದ್ದರೆ ಅದು ಎಣ್ಣೆಯ ಕಡೆಗೆ. ತುಟಿಗೆ ಸಿಲಿಕೋನ್ ಗ್ರೀಸ್ ಸವರಿ, ಸೀಲಿನ ಹೊರವ್ಯಾಸಕ್ಕಿಂತ ಒಂದು ಮಿ.ಮೀ. ಕಡಿಮೆಯಿರುವ ಬಾಕ್ಸ್ ಸ್ಪ್ಯಾನರಿನ ಬಟ್ಟಲನ್ನು ಮೇಲಿಟ್ಟು ಮೆಲ್ಲಗೆ ತಟ್ಟಿ. ಓರೆಯಾಗಿ ಇಳಿದರೆ ಹೊರತೆಗೆದು ಮತ್ತೆ. ಬಡಿದು ನೇರ ಮಾಡಿದ ಸೀಲ್ ಬಾಳುವುದಿಲ್ಲ.

ಬೆಲ್ಲೋವನ್ನು ಬೆರಳಲ್ಲಿ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಮಡಿಕೆಯ ತಳದಲ್ಲಿ ಕೂದಲೆಳೆಯಂಥ ಬಿರುಕು ಕಂಡರೂ ಬದಲಿಸಿ. ತೇಪೆ, ಸಿಲಿಕೋನ್ ಪೇಸ್ಟ್, ಸೈಕಲ್ ಟ್ಯೂಬಿನ ಪಟ್ಟಿ ಯಾವುದೂ ನಿಲ್ಲುವುದಿಲ್ಲ. ಹೊಸ ಬೆಲ್ಲೋ ತರುವಾಗ ಶಾಫ್ಟ್ ಕೂರುವ ನಡುವಿನ ತೂತಿನ ಅಳತೆ, ಟಬ್ಬಿನ ತಳಕ್ಕೆ ಕೂರುವ ಹೊರ ಅಳತೆ, ಎತ್ತರ ಮೂರನ್ನೂ ಹೋಲಿಸಿ. ಬೆಲ್ಲೋದ ರಬ್ಬರಿಗೆ ಸಾಮಾನ್ಯ ಗ್ರೀಸ್ ಹಚ್ಚಬೇಡಿ. ಹಲವು ಬಗೆಯ ರಬ್ಬರ್ ಪೆಟ್ರೋಲಿಯಂ ಗ್ರೀಸಿಗೆ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಗ್ರೀಸ್ ಮಾತ್ರ.

ಡ್ರೈನ್ ವಾಲ್ವ್ ಸುಲಭದ್ದು. ಗುಂಡಿ ತಿರುಗಿಸಿದಾಗ ಒಂದು ಪಟ್ಟಿ ಅಥವಾ ತಂತಿ ರಬ್ಬರ್ ಬಿರಡೆಯನ್ನು ಮೇಲೆತ್ತುತ್ತದೆ, ಅಷ್ಟೇ. ಒಗೆಯುವಾಗ ನೀರು ತಾನಾಗಿ ಖಾಲಿಯಾಗುತ್ತಿದ್ದರೆ ಬಿರಡೆಯ ಕೆಳಗೆ ನೂಲೋ ಗುಂಡಿಯೋ ಸಿಕ್ಕಿರುತ್ತದೆ, ಇಲ್ಲವೇ ಪಟ್ಟಿ ಬಿಗಿಯಾಗಿ ಬಿರಡೆ ಪೂರ್ತಿ ಕೂರುತ್ತಿಲ್ಲ. ‘ಒಗೆ’ ಸ್ಥಾನದಲ್ಲಿ ಪಟ್ಟಿ 2–3 ಮಿ.ಮೀ. ಸಡಿಲವಿರಲಿ.

ಹಂತ 5: ಬೇರಿಂಗ್, ಬುಷ್, ಬೆಲ್ಟ್

ಬಾಲ್ ಬೇರಿಂಗ್ ಇದ್ದರೆ ಅದರ ನಂಬರೇ ಅದರ ಅಳತೆ. 6202 ಎಂದರೆ ಒಳವ್ಯಾಸ 15, ಹೊರವ್ಯಾಸ 35, ದಪ್ಪ 11 ಮಿ.ಮೀ.; 6203 ಎಂದರೆ 17, 40, 12; 6204 ಎಂದರೆ 20, 47, 14. ನಂಬರಿನ ಮುಂದೆ ‘2ಆರ್‌ಎಸ್’ ಇದ್ದರೆ ಎರಡೂ ಕಡೆ ರಬ್ಬರ್ ಮುಚ್ಚಳ, ‘ಝಡ್‌ಝಡ್’ ಇದ್ದರೆ ಎರಡೂ ಕಡೆ ತಗಡಿನ ಮುಚ್ಚಳ. ನೀರಿನ ಪಕ್ಕದ ಜಾಗಕ್ಕೆ 2ಆರ್‌ಎಸ್ ತನ್ನಿ. ಶಾಫ್ಟಿಗೆ ಏರಿಸುವಾಗ ಒಳ ಬಳೆಯ ಮೇಲೆ ತಟ್ಟಿ, ಗೂಡಿಗೆ ಇಳಿಸುವಾಗ ಹೊರ ಬಳೆಯ ಮೇಲೆ. ಅದಲುಬದಲಾದರೆ ಏಟೆಲ್ಲ ಗುಂಡುಗಳ ಮೂಲಕ ಹಾದು, ಹೊಸ ಬೇರಿಂಗ್ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ಹಲವು ಮೋಟಾರ್‌ಗಳಲ್ಲಿ ಬಾಲ್ ಬೇರಿಂಗ್ ಇರದೆ ಕಂಚಿನ ಬುಷ್, ಅಂದರೆ ಶಾಫ್ಟ್ ತಿರುಗುವ ನುಣುಪು ಬಳೆ, ಮತ್ತು ಅದರ ಸುತ್ತ ಎಣ್ಣೆ ಕುಡಿದ ಫೆಲ್ಟ್ ಇರುತ್ತದೆ. ಫೆಲ್ಟಿಗೆ ಹೊಲಿಗೆ ಯಂತ್ರದ ಎಣ್ಣೆ ಮೂರು ನಾಲ್ಕು ಹನಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ‘ಎಣ್ಣೆ ಹಾಕಿದೆ’ ಎಂದುಕೊಳ್ಳಬೇಡಿ. ಅದು ಇದ್ದ ಎಣ್ಣೆಯನ್ನೂ ತೊಳೆದು, ವಾರದಲ್ಲಿ ಆರಿಹೋಗುತ್ತದೆ.

ಬೆಲ್ಟಿನ ಮೈಮೇಲೆ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. ‘ಎಂ’ ಎಂದರೆ ಮೇಲ್ಭಾಗದ ಅಗಲ 10 ಮಿ.ಮೀ., ‘ಎ’ ಎಂದರೆ 13 ಮಿ.ಮೀ.; ಅಂಕಿ ಅಂಗುಲದಲ್ಲಿ ಉದ್ದ. ಹೊಸ ಬೆಲ್ಟ್ ಹಾಕಿ, ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ 8ರಿಂದ 10 ಮಿ.ಮೀ. ತಗ್ಗಬೇಕು. ಮೋಟಾರಿನ ಬೋಲ್ಟ್ ಸಡಿಲಿಸಿ ಸರಿಸಿದರೆ ಬಿಗಿ ಹೊಂದುತ್ತದೆ. ಬಿಗಿ ಹೆಚ್ಚಾದರೆ ಬುಷ್ ಒಂದೇ ಮಗ್ಗುಲು ಸವೆಯುತ್ತದೆ. ಕಡಿಮೆಯಾದರೆ ಬಟ್ಟೆ ತುಂಬಿದಾಗ ಜಾರಿ ಸುಟ್ಟ ರಬ್ಬರಿನ ವಾಸನೆ. ಎರಡೂ ಪುಲ್ಲಿ ಒಂದೇ ಮಟ್ಟದಲ್ಲಿವೆಯೇ ಎಂದು ಸ್ಕೇಲ್ ಇಟ್ಟು ನೋಡಿ.

ಹಂತ 6: ಮೋಟಾರ್, ಕೆಪ್ಯಾಸಿಟರ್, ಟೈಮರ್

ಒಗೆಯುವ ಮೋಟಾರಿನಿಂದ ಮೂರು ವೈರ್ ಬರುತ್ತವೆ: ಒಂದು ಕಾಮನ್, ಎರಡು ವೈಂಡಿಂಗಿನ ತುದಿ. ಎರಡೂ ದಿಕ್ಕಿಗೆ ಒಂದೇ ಬಲದಲ್ಲಿ ತಿರುಗಬೇಕಾದ್ದರಿಂದ ಎರಡೂ ವೈಂಡಿಂಗ್ ಸಮ. ಮೀಟರಿನಲ್ಲಿ ಕಾಮನ್‌ನಿಂದ ಒಂದೊಂದು ತುದಿಗೆ ಅಳೆದರೆ ಒಂದೇ ಓಮ್ ಬರಬೇಕು, ಎರಡು ತುದಿಗಳ ನಡುವೆ ಅದರ ಎರಡರಷ್ಟು. ಉದಾಹರಣೆಗೆ 30, 30, 60. ಒಂದು ಕಡೆ 30, ಇನ್ನೊಂದು ಕಡೆ 18 ಬಂದರೆ ಸುತ್ತುಗಳ ನಡುವೆ ಶಾರ್ಟ್ ಆಗಿದೆ, ರೀವೈಂಡಿಂಗ್ ಬೇಕು. ಸ್ಪಿನ್ ಮೋಟಾರ್ ಒಂದೇ ದಿಕ್ಕಿಗೆ ತಿರುಗುವುದರಿಂದ ಅದರ ಎರಡು ವೈಂಡಿಂಗ್ ಬೇರೆ ಬೇರೆ ಇರಬಹುದು. ಅಲ್ಲಿ ಅಸಮ ಕಂಡರೆ ಗಾಬರಿ ಬೇಡ, ಎರಡರ ಮೊತ್ತ ಎರಡು ತುದಿಗಳ ನಡುವಿನ ಅಳತೆಗೆ ತಾಳೆಯಾದರೆ ಸಾಕು.

ಈಗ ಮೆಗ್ಗರ್. ವೈಂಡಿಂಗ್ ಮತ್ತು ಮೋಟಾರಿನ ಲೋಹದ ಮೈ ನಡುವೆ 500 ವೋಲ್ಟಿನಲ್ಲಿ ಅಳೆಯಿರಿ. ಒಣಗಿದ ಒಳ್ಳೆಯ ಮೋಟಾರ್ ಹತ್ತಾರು ಮೆಗಾಓಮ್ ತೋರಿಸುತ್ತದೆ. 2 ಮೆಗಾಓಮ್‌ಗಿಂತ ಕಡಿಮೆಯಿದ್ದರೆ ಕರೆಂಟ್ ಕೊಡಬೇಡಿ. ತೇವದಿಂದ ಇಳಿದಿದ್ದರೆ 60–70 ಡಿಗ್ರಿಯ ಬೆಚ್ಚನೆ ಗಾಳಿಯಲ್ಲಿ ಒಂದು ದಿನ ಒಣಗಿಸಿ ಮತ್ತೆ ಅಳೆಯಿರಿ, ಬಹಳ ಮೋಟಾರ್‌ಗಳು ಹೀಗೇ ಎದ್ದು ಕೂರುತ್ತವೆ. ಒಣಗಿಸಿದರೂ ಏರದಿದ್ದರೆ ನಿರೋಧಕವೇ ಸುಟ್ಟಿದೆ.

ಗುಂಯ್‌ಗುಟ್ಟಿ ತಿರುಗದ ಮೋಟಾರಿಗೆ ಮೊದಲ ಸಂಶಯ ಕೆಪ್ಯಾಸಿಟರ್ ಮೇಲೆ. ಮೈಮೇಲೆ ಬರೆದಿರುವುದಕ್ಕಿಂತ ಹತ್ತು ಶೇಕಡಾಕ್ಕೂ ಹೆಚ್ಚು ಕುಸಿದಿದ್ದರೆ ಬದಲಿಸಿ. ಎರಡು ಟಬ್ಬಿನ ಮೆಷಿನ್‌ಗಳಲ್ಲಿ ಒಗೆಯುವ ಮೋಟಾರಿಗೆ ಸುಮಾರು 10, ಸ್ಪಿನ್ ಮೋಟಾರಿಗೆ ಸುಮಾರು 5 ಮೈಕ್ರೋಫ್ಯಾರಡ್ ಸಾಮಾನ್ಯ. ಎರಡೂ ಒಂದೇ ಡಬ್ಬಿಯಲ್ಲಿರುವುದೂ ಉಂಟು. ಹೊಸದರ ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ. ‘ತಳ್ಳು ಜಾಸ್ತಿ ಸಿಗಲಿ’ ಎಂದು ದೊಡ್ಡ ಕೆಪ್ಯಾಸಿಟರ್ ಹಾಕಿದರೆ ವೈಂಡಿಂಗಿಗೆ ಕರೆಂಟ್ ಹೆಚ್ಚಿ ಕಾದು ಸುಡುತ್ತದೆ. ಕೆಪ್ಯಾಸಿಟರ್ ಸರಿಯಿದ್ದೂ ಗುಂಯ್‌ಗುಟ್ಟಿದರೆ ಬೆಲ್ಟ್ ತೆಗೆದು ನೋಡಿ: ಆಗ ತಿರುಗಿದರೆ ಬಿಗಿ ಗೇರ್‌ಬಾಕ್ಸಿನಲ್ಲಿದೆ, ಆಗಲೂ ತಿರುಗದಿದ್ದರೆ ಮೋಟಾರಿನ ಬುಷ್ ಕಚ್ಚಿದೆ. ಕರೆಂಟ್ ಇದ್ದಾಗ ಪುಲ್ಲಿಯನ್ನು ಕೈಯಿಂದ ತಳ್ಳಿ ಹೊರಡಿಸುವ ಪ್ರಯೋಗ ಬೆರಳಿಗೆ ದುಬಾರಿ.

ಟೈಮರ್ ಗಡಿಯಾರದಂಥ ಸ್ಪ್ರಿಂಗ್ ಯಂತ್ರ. ಒಳಗಿನ ಹಲ್ಲಿನ ಚಕ್ರ ಒಗೆಯುವ ಮೋಟಾರಿನ ದಿಕ್ಕನ್ನು ಬದಲಿಸುತ್ತಿರುತ್ತದೆ. ಪಲ್ಸೇಟರ್ ಒಂದೇ ದಿಕ್ಕಿಗೆ ತಿರುಗಿ, ನಿಂತು, ಮತ್ತೆ ಅದೇ ದಿಕ್ಕಿಗೆ ಹೊರಟರೆ ಇನ್ನೊಂದು ದಿಕ್ಕಿನ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಆ ವೈರ್ ತುಂಡಾಗಿದೆ. ಕಾಂಟ್ಯಾಕ್ಟಿಗೆ ಉಜ್ಜುಕಾಗದ ಬೇಡ, ಮೇಲಿನ ಬೆಳ್ಳಿಯ ಲೇಪ ಹೋಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಗಟ್ಟಿ ಕಾಗದದ ಪಟ್ಟಿ ಎಳೆದರೆ ಸಾಕು. ಹಳೆಯ ಟೈಮರನ್ನು ಹಿಮ್ಮುಖವಾಗಿ ತಿರುಗಿಸಬೇಡಿ. ಅಂದಹಾಗೆ, ‘ಟೈಮರ್ ಹೋಗಿದೆ’ ಎಂಬ ದೂರುಗಳಲ್ಲಿ ಎಷ್ಟೋ ಸಲ ಹೋಗಿರುವುದು ಪ್ಲಾಸ್ಟಿಕ್ ಗುಂಡಿಯ ತೂತು ಮಾತ್ರ. ಗುಂಡಿ ತೆಗೆದು ಕಡ್ಡಿಯನ್ನು ಇಕ್ಕುಳದಿಂದ ತಿರುಗಿಸಿ ನೋಡಿ.

ಹಂತ 7: ವೈರಿಂಗ್ ಮತ್ತು ಅರ್ಥ್

ಗಡುಸಾದ, ಬಾಗಿಸಿದರೆ ಬಿರಿಯುವ, ಇಲಿ ಕಡಿದ ವೈರ್‌ಗಳನ್ನು ಟೇಪ್ ಸುತ್ತಿ ಉಳಿಸಬೇಡಿ, ಬದಲಿಸಿ. ಮುಖ್ಯ ವೈರ್ 1 ಚದರ ಮಿ.ಮೀ.ಗೆ ಕಡಿಮೆಯಿಲ್ಲದ ಮೂರು ಕೋರಿನದು. ಜಾಯಿಂಟುಗಳನ್ನು ಕ್ರಿಂಪ್ ಮಾಡಿ ಮುಚ್ಚಿ, ವೈರ್ ಒಳಹೋಗುವ ಬಾಯಿ ಕೆಳಮುಖವಾಗುವಂತೆ ಟಬ್ಬಿಗಿಂತ ಮೇಲೆ ಕಟ್ಟಿ. ಬಾಯಿ ಮೇಲಿದ್ದರೆ ಅದು ನೀರು ಹಿಡಿಯುವ ಬಟ್ಟಲು.

ಅರ್ಥ್ ವಿಷಯದಲ್ಲಿ ಹೆಚ್ಚಿನವರು ಎಡವುವುದು ಹೀಗೆ: ಲೋಹದ ಬಾಡಿಗೆ ಅರ್ಥ್ ಕೊಟ್ಟರೆ ಎಲ್ಲಕ್ಕೂ ಸಿಕ್ಕಿತು ಎಂದುಕೊಳ್ಳುತ್ತಾರೆ. ಸ್ಪಿನ್ ಮೋಟಾರ್ ಸ್ಪ್ರಿಂಗ್ ಮತ್ತು ರಬ್ಬರ್ ಬುಷ್‌ಗಳ ಮೇಲೆ ಕೂತಿದೆ, ಬಾಡಿಗೆ ಅದರ ಸಂಪರ್ಕವೇ ಇಲ್ಲದಿರಬಹುದು. ಎರಡೂ ಮೋಟಾರಿಗೂ ಬಾಡಿಗೂ ಬೇರೆ ಬೇರೆ ಅರ್ಥ್ ವೈರ್ ಎಳೆಯಿರಿ. ಪ್ಲಗ್ಗಿನ ಅರ್ಥ್ ಪಿನ್‌ನಿಂದ ಪ್ರತಿಯೊಂದು ಲೋಹಭಾಗಕ್ಕೆ ಅಳೆದರೆ ಅರ್ಧ ಓಮ್ ಒಳಗೆ ಇರಬೇಕು. ಮನೆಯ ಸಾಕೆಟ್ಟಿನಲ್ಲೇ ಅರ್ಥ್ ಇಲ್ಲದಿದ್ದರೆ ಮೊದಲು ಎಲೆಕ್ಟ್ರಿಷಿಯನ್‌ನಿಂದ ಅದನ್ನು ಸರಿಪಡಿಸಿಕೊಳ್ಳಿ. ಲೈನಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಇರಲಿ.

ಹಂತ 8: ಬ್ರೇಕ್ ಮತ್ತು ಮುಚ್ಚಳದ ಸ್ವಿಚ್

ಸ್ಪಿನ್ ಮುಚ್ಚಳ ತೆರೆದಾಗ ಎರಡು ಕೆಲಸ ಆಗಬೇಕು: ಸ್ವಿಚ್ ಕರೆಂಟ್ ಕಡಿಯಬೇಕು, ತಂತಿ ಸಡಿಲವಾಗಿ ಬ್ರೇಕ್ ಡ್ರಮ್ಮನ್ನು ಹಿಡಿಯಬೇಕು. ಮುಚ್ಚಳ ಹಾಕಿದಾಗ ಬ್ರೇಕ್ ಪಟ್ಟಿಗೂ ಡ್ರಮ್ಮಿಗೂ 1–2 ಮಿ.ಮೀ. ಸಂದು ಇರಲಿ. ಸಂದು ಇಲ್ಲದಿದ್ದರೆ ಬ್ರೇಕ್ ಉಜ್ಜುತ್ತಲೇ ಮೋಟಾರ್ ಓಡಿ ಕಾಯುತ್ತದೆ. ಇದನ್ನೂ ಮೋಟಾರಿನ ದೋಷವೆಂದು ತಿಳಿಯುವವರುಂಟು. ಮುಚ್ಚಳ ತೆರೆದ ಹತ್ತು ಸೆಕೆಂಡಿನೊಳಗೆ ಟಬ್ ಪೂರ್ತಿ ನಿಲ್ಲಬೇಕು.

ಕೆಟ್ಟ ಮುಚ್ಚಳದ ಸ್ವಿಚ್ಚನ್ನು ನೇರ ಸೇರಿಸಿ ‘ಸದ್ಯಕ್ಕೆ ಓಡಲಿ’ ಎನ್ನುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ತಿರುಗುವ ಟಬ್ಬಿನೊಳಗಿನ ಒದ್ದೆ ಬಟ್ಟೆ ಕೈಗೆ ಸುತ್ತಿಕೊಂಡರೆ ಕೈ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಇನ್ನೂ ಹಳೆಯ, ಎರಡು ರಬ್ಬರ್ ರೋಲರ್‌ಗಳ ನಡುವೆ ಬಟ್ಟೆ ಹಿಂಡುವ ಮೆಷಿನ್ ನಿಮ್ಮಲ್ಲಿದ್ದರೆ ಇದೇ ಮಾತು ಅದರ ಒತ್ತಡ ಬಿಡಿಸುವ ಹಿಡಿಕೆಗೂ ಅನ್ವಯ: ಒಂದು ತಟ್ಟಿಗೆ ರೋಲರ್ ಬೇರ್ಪಡದಿದ್ದರೆ ಅದನ್ನು ಓಡಿಸಬೇಡಿ.

ಹಂತ 9: ಓಡಿಸಿ ನೋಡುವುದು

ಮೊದಲು ಸೀರೀಸ್ ಬೋರ್ಡ್ ಮೂಲಕ, ನೀರಿಲ್ಲದೆ. ಟೈಮರ್ ತಿರುಗಿಸಿದಾಗ ಬಲ್ಬ್ ಮಂಕಾಗಿ ಉರಿದರೆ ಸರಿ. ಬಲ್ಬ್ ನಡುವಿದ್ದರೆ ಮೋಟಾರಿಗೆ ಪೂರ್ತಿ ಬಲ ಸಿಗುವುದಿಲ್ಲ, ಅದು ನಿಧಾನ ತಿರುಗಿದರೆ ಅಥವಾ ಬರೀ ಗುಂಯ್‌ಗುಟ್ಟಿದರೆ ತಲೆ ಕೆಡಿಸಿಕೊಳ್ಳಬೇಡಿ, ಕೆಲವೇ ಸೆಕೆಂಡಿನಲ್ಲಿ ಆರಿಸಿ. ಬಲ್ಬ್ ಪ್ರಖರವಾಗಿ ಉರಿದರೆ ಮಾತ್ರ ಹಿಂದೆ ಹೋಗಿ ಶಾರ್ಟ್ ಹುಡುಕಿ.

ಆಮೇಲೆ ನೇರ ಕರೆಂಟಿನಲ್ಲಿ ಐದು ನಿಮಿಷ ಬರೀ ನೀರು, ಮುಂದೆ ಹದಿನೈದು ನಿಮಿಷ. ಸ್ಪಿನ್ ಮೊದಲು ಖಾಲಿ, ಆಮೇಲೆ ಒಂದು ಒದ್ದೆ ಟವೆಲನ್ನು ಅಂಚಿಗೆ ಸುತ್ತಲೂ ಸಮನಾಗಿ ಹರಡಿ, ಮೇಲಿನ ಒತ್ತು ತಟ್ಟೆ ಇಟ್ಟು. ಒಂದೇ ಮಗ್ಗುಲಿಗೆ ಬಟ್ಟೆ ಬಿದ್ದರೆ ಹೊಸ ಮೆಷಿನೂ ಕುಣಿಯುತ್ತದೆ. ಸಮನಾಗಿ ಹಾಕಿಯೂ ಕುಣಿದರೆ ಮೂರು ಸ್ಪ್ರಿಂಗ್‌ಗಳಲ್ಲಿ ಒಂದು ಕುಗ್ಗಿದೆ ಅಥವಾ ಒಳಗಿನ ರಬ್ಬರ್ ಪುಡಿಯಾಗಿದೆ. ಮೂರನ್ನೂ ಒಟ್ಟಿಗೇ ಬದಲಿಸಿ. ಮೋಟಾರ್ ಕಾಯುವುದು ಸಹಜ, ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯೂ ತಾನಾಗಿ ದೋಷವಲ್ಲ. ಸುಟ್ಟ ವಾರ್ನಿಷ್ ವಾಸನೆ ಬಂದರೆ ತಕ್ಷಣ ನಿಲ್ಲಿಸಿ.

ಹಂತ 10: ಈಗ ಬಣ್ಣ

ಓಡುವ ಮೆಷಿನ್ ಕೈಯಲ್ಲಿದೆ, ಇನ್ನು ಅಂದದ ಕೆಲಸ. ಉದುರುವ ತುಕ್ಕನ್ನು ತಂತಿ ಬ್ರಷ್‌ನಿಂದ, ಉಳಿದದ್ದನ್ನು 80, 120, ಆಮೇಲೆ 240 ನಂಬರಿನ ಉಜ್ಜುಕಾಗದದಿಂದ ತೆಗೆಯಿರಿ. ಮೂಗಿಗೆ ಮಾಸ್ಕ್ ಇರಲಿ, ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್. ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್ ಒಂದು ಕೋಟ್, 400ರಿಂದ ನೀರು ಉಜ್ಜು, ಆಮೇಲೆ ತೆಳುವಾಗಿ ಎರಡು ಕೋಟ್ ಬಣ್ಣ. ಒಂದೇ ದಪ್ಪ ಕೋಟ್ ಇಳಿಬಿದ್ದು ಕಣ್ಣೀರಾಗುತ್ತದೆ. ಹೊರಗೆಷ್ಟೋ ಒಳಗೂ ಅಷ್ಟೇ: ಕೆಳ ಅಂಚಿನ ಒಳಮಡಿಕೆಗೆ ಬಣ್ಣ ತಲುಪದಿದ್ದರೆ ತುಕ್ಕು ಮತ್ತೆ ಅಲ್ಲಿಂದಲೇ ಹೊರಡುತ್ತದೆ. ಪೌಡರ್ ಕೋಟಿಂಗಿಗೆ ಕೊಡುವುದಾದರೆ ಒಲೆಯ ಬಿಸಿ 180–200 ಡಿಗ್ರಿ ಇರುತ್ತದೆ, ರಬ್ಬರ್ ಪ್ಲಾಸ್ಟಿಕ್ ಒಂದು ಚೂರೂ ಉಳಿಯದಂತೆ ಬಾಡಿಯನ್ನು ಬಿಚ್ಚಿ ಕೊಡಿ.

ಬಣ್ಣ ಹೊಡೆದ ಮೇಲೆ ಅರ್ಥ್ ಸ್ಕ್ರೂ ಕೂರುವ ಜಾಗವನ್ನು ಲೋಹ ಕಾಣುವವರೆಗೆ ಕೆರೆಯಿರಿ, ಹಲ್ಲಿನ ವಾಷರ್ ಹಾಕಿ ಬಿಗಿದು ಮತ್ತೆ ಓಮ್ ಅಳೆಯಿರಿ. ಬಣ್ಣ ಕರೆಂಟನ್ನು ಹರಿಯಬಿಡುವುದಿಲ್ಲ. ಹಂತ 7ರಲ್ಲಿ ಸರಿಯಿದ್ದ ಅರ್ಥ್ ಇಲ್ಲಿ ತಪ್ಪಿಹೋಗುವುದು ತೀರಾ ಸಾಮಾನ್ಯ.

ಮೊದಲ ತಿಂಗಳು

ಪ್ರತಿ ಸಲ ಒಗೆಯುವಾಗ ಮೆಷಿನ್ ಕೆಳಗೆ ಹಳೆಯ ಪೇಪರ್ ಹಾಸಿ, ಬಾಡಿಯ ಅಂಚುಗಳ ಗುರುತು ಹಾಕಿಕೊಳ್ಳಿ. ಮುಗಿದ ಮೇಲೆ ಪ್ಲಗ್ ಕಿತ್ತು, ಎಳೆದು ನೋಡಿ. ಬಲಗಡೆ ಸ್ಪಿನ್ ಮೋಟಾರಿನ ಕೆಳಗೆ ಕಲೆಯಿದ್ದರೆ ಬೆಲ್ಲೋ. ಎಡಕ್ಕೆ ಪುಲ್ಲಿಯ ಕೆಳಗೆ ಸೋಪಿನ ಕಲೆಯಿದ್ದರೆ ಆಯಿಲ್ ಸೀಲ್, ಅದೇ ಜಾಗದಲ್ಲಿ ಜಿಡ್ಡಿನ ಕಲೆಯಿದ್ದರೆ ಗೇರ್‌ಬಾಕ್ಸಿನ ಕೆಳ ಸೀಲ್. ಪುಲ್ಲಿ ತಿರುಗುವಾಗ ಹನಿಯನ್ನು ಎರಚುವುದರಿಂದ ಈ ಕಲೆ ಒಂದೇ ಚುಕ್ಕೆಯಾಗಿರದೆ ಸುತ್ತ ಚೆಲ್ಲಿದಂತಿರುತ್ತದೆ. ಹಿಂಬದಿಯಲ್ಲಿ ಒಂದೇ ಕಡೆ ದೊಡ್ಡ ಕಲೆಯಾದರೆ ಡ್ರೈನ್ ಪೈಪಿನ ಕ್ಲಿಪ್, ಸ್ಕ್ರೂಡ್ರೈವರಿನ ಎರಡು ಸುತ್ತಿನ ಕೆಲಸ.